ಸೊನ್ನೆ ಸುಂಕದ ದಾರಿ ಯಾವುದು? ದಾವಣಗೆರೆಯಲ್ಲಿ ಕೂತು ಕಂಪ್ಯೂಟರ್ ಸಾಮಾನು ತರಿಸುವವರಿಗೆ

ಹದಡಿ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ಮಾರಾಟಕ್ಕಿಂತ ರಿಪೇರಿ ಕೆಲಸವೇ ಜಾಸ್ತಿ. ತಿಂಗಳಿಗೆ ಒಬ್ಬರೋ ಇಬ್ಬರೋ ಬಂದು ಒಂದೇ ಮಾತು ಕೇಳುತ್ತಾರೆ: "ಅಣ್ಣಾ, ಕಂಪ್ಯೂಟರ್ ಸಾಮಾನಿಗೆ ಕಸ್ಟಮ್ಸ್ ಸುಂಕವೇ ಇಲ್ಲವಂತೆ. ನಾವೇ ಹೊರಗಿನಿಂದ ತರಿಸಿದರೆ ಹೇಗೆ?" ಕೇಳುವವರಲ್ಲಿ ಅಂಗಡಿಯವರಿದ್ದಾರೆ, ಶಾಲೆ ನಡೆಸುವ ಟ್ರಸ್ಟಿನವರಿದ್ದಾರೆ, ಇಂಜಿನಿಯರಿಂಗ್ ಮುಗಿಸಿ ಸ್ವಂತ ಕೆಲಸಕ್ಕೆ ಇಳಿದ ಹುಡುಗರಿದ್ದಾರೆ. ಹೋದ ತಿಂಗಳು ಬಂದವನು ಚಿತ್ರದುರ್ಗದ ಕಡೆಯವನು. ಮೊಬೈಲ್‌ನಿಂದಲೇ ಬೋರ್‌ವೆಲ್ ಮೋಟಾರ್ ಆನ್ ಮಾಡುವ ಸ್ಟಾರ್ಟರ್ ತಯಾರಿಸುತ್ತಾನೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದರೆ ರೈತ ಹೊಲಕ್ಕೆ ಎದ್ದು ಹೋಗಬೇಕಾಗಿಲ್ಲ, ಅಷ್ಟು ಒಳ್ಳೆಯ ಕೆಲಸ. ಅವನಿಗೆ ಬೇಕಾದ ಬಿಡಿಭಾಗಗಳನ್ನು ಯಾವ ದಾರಿಯಲ್ಲಿ ತರಿಸಬೇಕು ಎಂದು ಇಬ್ಬರೂ ಕೂತು ಒಂದು ಮಧ್ಯಾಹ್ನ ಲೆಕ್ಕ ಹಾಕಿದೆವು. ಆ ಲೆಕ್ಕವೇ ಈ ಬರಹಕ್ಕೆ ಕಾರಣ.

ಸುಂಕ ಇಲ್ಲ ಅನ್ನುವ ಮಾತು ಅರ್ಧ ನಿಜ. ಕೆಲವು ಸಾಮಾನಿಗೆ ಸುಂಕ ಸೊನ್ನೆ, ಕೆಲವಕ್ಕೆ ಶೇ 15, ಕೆಲವಕ್ಕೆ ಶೇ 20. ಯಾವುದಕ್ಕೆ ಎಷ್ಟು ಎಂಬುದನ್ನು ಬೇರೆ ಬೇರೆ ಅಂತರರಾಷ್ಟ್ರೀಯ ಒಪ್ಪಂದಗಳು ಮತ್ತು ಪ್ರತಿ ವರ್ಷದ ಬಜೆಟ್ ಸೇರಿ ತೀರ್ಮಾನಿಸುತ್ತವೆ. ನಮ್ಮ ಮುಂದೆ ಇರುವ ದಾರಿಗಳು ನಾಲ್ಕು. 1996ರ ಮಾಹಿತಿ ತಂತ್ರಜ್ಞಾನ ಒಪ್ಪಂದದ ಪಟ್ಟಿಯಲ್ಲಿರುವ ಸಾಮಾನನ್ನು ಯಾವ ದೇಶದಿಂದಲಾದರೂ ತರುವುದು. ಭಾರತ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡ ದೇಶದಿಂದ, ಅಲ್ಲಿಯೇ ತಯಾರಾದ ಸಾಮಾನನ್ನು ಕಾಗದಪತ್ರ ಸಮೇತ ತರುವುದು. ಯಾವ ಒಪ್ಪಂದದ ಸಹಾಯವೂ ಇಲ್ಲದೆ ಪೂರ್ತಿ ಸುಂಕ ಕಟ್ಟಿ ತರುವುದು. ಕೊನೆಯದು, ಈಗಾಗಲೇ ತಂದವರ ಹತ್ತಿರ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಳ್ಳುವುದು.

ಹೆಸರು ಬಿಡಿ, ನಂಬರ್ ನೋಡಿ

ದಾರಿ ಆರಿಸುವ ಮೊದಲು ಒಂದು ಕೆಲಸ ಆಗಬೇಕು. ಸಾಮಾನಿನ ನಂಬರ್ ಗೊತ್ತಾಗಬೇಕು. ಜಿಎಸ್‌ಟಿ ಬಿಲ್ ಬರೆಯುವ ಯಾರಿಗಾದರೂ ಎಚ್‌ಎಸ್‌ಎನ್ ಅಂದರೆ ಏನೆಂದು ಗೊತ್ತು, ಪ್ರತಿ ಬಗೆಯ ಸಾಮಾನಿಗೆ ಕೊಟ್ಟಿರುವ ಗುರುತಿನ ನಂಬರ್. ಅದರ ಮೊದಲ ಆರು ಅಂಕಿ ಬಹುತೇಕ ಪ್ರಪಂಚಕ್ಕೆಲ್ಲ ಒಂದೇ, ಅದಕ್ಕೆ ಎಚ್‌ಎಸ್ ನಂಬರ್ ಎನ್ನುತ್ತಾರೆ. ವಿಶ್ವ ಕಸ್ಟಮ್ಸ್ ಸಂಸ್ಥೆ ಆ ಪಟ್ಟಿಯನ್ನು ನೋಡಿಕೊಳ್ಳುತ್ತದೆ, ಸುಮಾರು ಐದು ವರ್ಷಕ್ಕೊಮ್ಮೆ ತಿದ್ದುತ್ತದೆ. ನಮ್ಮ ದೇಶ ಅದಕ್ಕೆ ಇನ್ನೆರಡು ಅಂಕಿ ಸೇರಿಸಿ ಎಂಟು ಮಾಡಿಕೊಂಡಿದೆ. 8471 ಅಂದರೆ ಕಂಪ್ಯೂಟರ್, ಲ್ಯಾಪ್‌ಟಾಪ್, ಹಾರ್ಡ್‌ಡಿಸ್ಕ್. 8443 ಪ್ರಿಂಟರ್. 8517 ಫೋನ್ ಮತ್ತು ನೆಟ್‌ವರ್ಕ್ ಸಾಧನ. 8528 ಮಾನಿಟರ್ ಮತ್ತು ಟಿವಿ. 8542 ಐಸಿ ಚಿಪ್‌ಗಳು.

ಒಪ್ಪಂದಗಳು ನೋಡುವುದು ಈ ನಂಬರನ್ನೇ. ಡಬ್ಬದ ಮೇಲೆ ಏನು ಬರೆದಿದೆ, ಅಂಗಡಿಯವನು ಏನೆಂದು ಕರೆಯುತ್ತಾನೆ, ಅದು ಕಂಪ್ಯೂಟರ್ ಥರ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದೆಲ್ಲ ಆಮೇಲಿನ ಮಾತು.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನಮ್ಮ ಊರಿನ ಒಂದು ಶಾಲೆಗೆ ದೊಡ್ಡ ಟಚ್ ಪರದೆಗಳು ಬೇಕಿದ್ದವು, ಮಕ್ಕಳಿಗೆ ಪಾಠ ತೋರಿಸುವ ಸ್ಮಾರ್ಟ್ ಬೋರ್ಡ್. ತರಿಸಿಕೊಡುತ್ತೇನೆ ಎಂದ ಬೆಂಗಳೂರಿನ ವ್ಯಾಪಾರಿಯೊಬ್ಬರು, "ಇದು ಕಂಪ್ಯೂಟರ್ ಮಾನಿಟರ್ ಲೆಕ್ಕ, ಸುಂಕ ಬರಲ್ಲ" ಎಂದರು. ನಾನು ಆ ಮಾತಿನ ಮೇಲೆ ಶಾಲೆಗೆ ದರ ಬರೆದುಕೊಟ್ಟೆ. ಸಾಮಾನು ಬಂದಾಗ ಕಸ್ಟಮ್ಸ್‌ನವರು ಬೇರೆಯೇ ನಂಬರ್ ಹಾಕಿದರು. ಕಂಪ್ಯೂಟರ್ ಜೊತೆಗೇ ಬಳಸುವ ಮಾನಿಟರ್ ಒಂದು ಸಾಲಿನಲ್ಲಿ ಬರುತ್ತದೆ, ಅದಕ್ಕೆ ಸುಂಕ ಸೊನ್ನೆ. ಟಚ್ ಪರದೆಯ ಬೋರ್ಡ್ ಇನ್ನೊಂದು ಸಾಲು. 2025ರ ಬಜೆಟ್‌ನಲ್ಲಿ ಆ ಬೋರ್ಡಿನ ಮೂಲ ಸುಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ್ದಾರೆ. ಎರಡೂ 8528ರ ಕುಟುಂಬವೇ, ಪಕ್ಕಪಕ್ಕದ ಮನೆ. ಆದರೆ ಒಂದಕ್ಕೆ ಸೊನ್ನೆ, ಇನ್ನೊಂದಕ್ಕೆ ಇಪ್ಪತ್ತು. ಶಾಲೆಗೆ ಕೊಟ್ಟ ಮಾತು ಉಳಿಸಿಕೊಂಡೆ, ನಷ್ಟ ನನ್ನ ಕೈಯಿಂದ ಹೋಯಿತು.

ಲೆಕ್ಕ ಹೀಗೆ ಕೆಲಸ ಮಾಡುತ್ತದೆ. ಸಾಮಾನಿನ ಬೆಲೆ, ಸಾಗಣೆ, ವಿಮೆ ಎಲ್ಲ ಸೇರಿ 1,00,000 ರೂಪಾಯಿ ಎಂದುಕೊಳ್ಳಿ. ಸುಂಕ ಸೊನ್ನೆ ಇದ್ದರೆ ಅದರ ಮೇಲೆ ಶೇ 18 ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ), ಒಟ್ಟು 1,18,000. ಮೂಲ ಸುಂಕ ಶೇ 20 ಇದ್ದರೆ ಮೊದಲು 20,000, ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್ 2,000, ಆಗ ಬೆಲೆ 1,22,000. ಅದರ ಮೇಲೆ ಐಜಿಎಸ್‌ಟಿ 21,960. ಒಟ್ಟು 1,43,960. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ ಐಜಿಎಸ್‌ಟಿ ಮುಂದೆ ಕ್ರೆಡಿಟ್ ಆಗಿ ಸಿಗುತ್ತದೆ, ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಮುರಿದುಕೊಳ್ಳಬಹುದು. ಸುಂಕ ಮತ್ತು ಸರ್ಚಾರ್ಜ್ ಮಾತ್ರ ವಾಪಸ್ ಬರುವುದಿಲ್ಲ. ಅಂದರೆ ಲಕ್ಷಕ್ಕೆ 22,000 ರೂಪಾಯಿ ಶಾಶ್ವತವಾಗಿ ಹೋದ ದುಡ್ಡು. ಒಪ್ಪಂದಗಳ ಬಗ್ಗೆ ನಾವು ತಲೆ ಕೆಡಿಸಿಕೊಳ್ಳುವುದು ಈ 22,000ಕ್ಕಾಗಿ.

1996ರ ಒಪ್ಪಂದ: ಹಳೆಯದಾದರೂ ಗಟ್ಟಿ

1996ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಮೊದಲ ಸಚಿವರ ಸಮಾವೇಶ ನಡೆಯಿತು. ಅಲ್ಲಿ 29 ಸದಸ್ಯರು ಸೇರಿ, ಕಂಪ್ಯೂಟರ್ ಮತ್ತು ಅದರ ಸಂಬಂಧದ ಸಾಮಾನುಗಳ ಮೇಲಿನ ಸುಂಕವನ್ನು ಪೂರ್ತಿ ತೆಗೆಯುತ್ತೇವೆ ಎಂದು ಒಪ್ಪಿದರು. ಪ್ರಪಂಚದ ಆ ವ್ಯಾಪಾರದ ಶೇ 90 ಭಾಗ ನಡೆಸುವ ದೇಶಗಳು ಸೇರಿದರೆ ಮಾತ್ರ ಜಾರಿ ಎಂಬ ಷರತ್ತಿತ್ತು. 1997ರ ವಸಂತದ ಹೊತ್ತಿಗೆ ಆ ಗಡಿ ದಾಟಿತು, ಜುಲೈ 1ರಿಂದ ಸುಂಕ ಇಳಿಯತೊಡಗಿತು. ಭಾರತವೂ 1997ರಲ್ಲೇ ಸೇರಿತು. ನಮಗೆ 2005ರವರೆಗೆ ನಿಧಾನವಾಗಿ ಇಳಿಸಲು ಸಮಯ ಸಿಕ್ಕಿತು. ಈಗ 80ಕ್ಕೂ ಹೆಚ್ಚು ಸದಸ್ಯರಿದ್ದಾರೆ, ಪ್ರಪಂಚದ ಐಟಿ ಸಾಮಾನಿನ ವ್ಯಾಪಾರದಲ್ಲಿ ಸುಮಾರು ಶೇ 97 ಇವರದೇ.

ಈ ದಾರಿಯ ದೊಡ್ಡ ಅನುಕೂಲ ಒಂದಿದೆ. ಸಾಮಾನು ಎಲ್ಲಿಂದ ಬಂದರೂ ಸುಂಕ ಸೊನ್ನೆ. ಚೀನಾದ್ದಿರಲಿ, ತೈವಾನಿನದ್ದಿರಲಿ, ಯಾವ ದೇಶದಲ್ಲಿ ತಯಾರಾಯಿತು ಎಂದು ಸುಂಕದ ರಿಯಾಯಿತಿಗಾಗಿ ಪ್ರಮಾಣಪತ್ರ ತರಬೇಕಾಗಿಲ್ಲ. ನಂಬರ್ ಸರಿ ಇದ್ದರೆ ಸಾಕು. ಹಾರ್ಡ್‌ಡಿಸ್ಕ್, ರ‍್ಯಾಮ್, ಐಸಿ ಚಿಪ್, ಕೆಪಾಸಿಟರ್, ರೆಸಿಸ್ಟರ್, ಖಾಲಿ ಪಿಸಿಬಿ (ಬಿಡಿಭಾಗ ಕೂರಿಸುವ ಸರ್ಕ್ಯೂಟ್ ಹಲಗೆ), ಇವೆಲ್ಲ ಆ ಪಟ್ಟಿಯಲ್ಲಿ ಇರುವಂಥವು. ಟಿವಿಯಂಥ ಮನೆಬಳಕೆಯ ಎಲೆಕ್ಟ್ರಾನಿಕ್ಸ್ ಅನ್ನು ಬೇಕೆಂದೇ ಹೊರಗಿಟ್ಟಿದ್ದರು.

ಈ ಒಪ್ಪಂದದ ಕಷ್ಟ ಅದರ ವಯಸ್ಸು. ಪಟ್ಟಿ ಬರೆದದ್ದು 1996ರಲ್ಲಿ. ಆಗ ನಮ್ಮ ಊರಲ್ಲಿ ಫೋನ್ ಎಂದರೆ ಎಸ್‌ಟಿಡಿ ಬೂತ್. ಆಮೇಲೆ ಹುಟ್ಟಿದ ಸಾಮಾನುಗಳು ಆ ಪಟ್ಟಿಯೊಳಗೆ ಬರುತ್ತವೆಯೋ ಇಲ್ಲವೋ ಎಂಬುದೇ ದೊಡ್ಡ ಜಗಳ.

ಮೊದಲು ಜಗಳಕ್ಕೆ ಸಿಕ್ಕಿದ್ದು ಯುರೋಪು. ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರೂ ಮಾಡುವ ಯಂತ್ರ, ಫ್ಲಾಟ್ ಮಾನಿಟರ್, ಇಂಟರ್‌ನೆಟ್ ಇರುವ ಸೆಟ್‌ಟಾಪ್ ಬಾಕ್ಸ್, ಈ ಮೂರಕ್ಕೂ ಅವರು ಸುಂಕ ಹಾಕುತ್ತಿದ್ದರು. ಇವು ಹೊಸ ಸಾಮಾನು, ಹಳೆಯ ಪಟ್ಟಿಯಲ್ಲಿಲ್ಲ ಎಂಬುದು ವಾದ. ಅಮೆರಿಕ, ಜಪಾನ್, ತೈವಾನ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 2010ರಲ್ಲಿ ಯುರೋಪು ಸೋತಿತು. ಹೊಸ ಕೆಲಸ ಸೇರಿಕೊಂಡಿತು ಎಂದ ಮಾತ್ರಕ್ಕೆ ಸಾಮಾನು ಪಟ್ಟಿಯಿಂದ ಹೊರಗೆ ಹೋಗುವುದಿಲ್ಲ ಎಂಬ ದಾರಿಯಲ್ಲಿ ತೀರ್ಪು ಬಂತು.

ಆಮೇಲೆ ಸರದಿ ನಮ್ಮದು. 2017ರ ಜುಲೈನಲ್ಲಿ ಭಾರತ ಮೊಬೈಲ್ ಫೋನಿಗೆ ಶೇ 10 ಮೂಲ ಸುಂಕ ಹಾಕಿತು. ಅದೇ ಡಿಸೆಂಬರ್‌ನಲ್ಲಿ 15, 2018ರ ಬಜೆಟ್‌ನಲ್ಲಿ 20. ಐರೋಪ್ಯ ಒಕ್ಕೂಟ, ಜಪಾನ್, ತೈವಾನ್ 2019ರಲ್ಲಿ ದೂರು ಕೊಟ್ಟವು. ಸ್ಮಾರ್ಟ್‌ಫೋನ್ 1996ರ ಪಟ್ಟಿಯಲ್ಲಿ ಇರಲೇ ಇಲ್ಲ, ಮಧ್ಯೆ ಎಚ್‌ಎಸ್ ನಂಬರ್‌ಗಳನ್ನು ಬದಲಿಸಿದಾಗ ನಮ್ಮ ಬದ್ಧತೆಯ ಪಟ್ಟಿಯಲ್ಲಿ ತಪ್ಪು ನುಸುಳಿತು ಎಂದು ಭಾರತ ವಾದಿಸಿತು. 2023ರ ಏಪ್ರಿಲ್ 17ರಂದು ತೀರ್ಪು ಭಾರತದ ವಿರುದ್ಧ ಬಂತು. ಜಪಾನ್ ಮತ್ತು ಐರೋಪ್ಯ ಒಕ್ಕೂಟದ ಪ್ರಕರಣಗಳಲ್ಲಿ ಭಾರತ ಅದೇ ವರ್ಷ ಮೇಲ್ಮನವಿ ಹಾಕಿತು. ಆದರೆ ಮೇಲ್ಮನವಿ ಕೇಳುವ ಪೀಠದಲ್ಲಿ 2019ರ ಡಿಸೆಂಬರ್‌ನಿಂದ ವಿಚಾರಣೆ ನಡೆಸುವಷ್ಟು ಸದಸ್ಯರೇ ಇಲ್ಲ. ಹಾಗಾಗಿ ಕಡತ ಅಲ್ಲೇ ನಿಂತಿತು.

ನಮಗೆ ಇದರಿಂದ ಏನು? "ಡಬ್ಲ್ಯುಟಿಒ ತೀರ್ಪು ಬಂದಿದೆ, ಫೋನಿಗೆ ಇನ್ನು ಸುಂಕ ಇಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಂದರಿನಲ್ಲಿ ನಡೆಯುವುದು ಭಾರತದ ಅಧಿಸೂಚನೆ. 2024ರ ಜುಲೈ ಬಜೆಟ್‌ನಲ್ಲಿ ಮೊಬೈಲ್, ಅದರ ಚಾರ್ಜರ್, ಅದರ ಪಿಸಿಬಿ ಜೋಡಣೆ ಮೂರಕ್ಕೂ ಶೇ 15ಕ್ಕೆ ಇಳಿಸಿದರು. ಸರ್ಚಾರ್ಜ್ ಸೇರಿ 16.5. ಸೊನ್ನೆ ಆಗಲಿಲ್ಲ.

ಇಲ್ಲಿ ನನ್ನ ಮನಸ್ಸಿನ ಮಾತು ಒಂದು ಹೇಳಬೇಕು. ದಾವಣಗೆರೆ ಹತ್ತಿ ಗಿರಣಿಗಳ ಊರು. ಗಿರಣಿಯ ಸೈರನ್ ನಿಂತಾಗ ಮನೆಗಳಲ್ಲಿ ಏನಾಯಿತು ಎಂದು ನಮ್ಮ ಹಿಂದಿನ ತಲೆಮಾರು ಕಂಡಿದೆ. ಹಾಗಾಗಿ ಸಾಮಾನು ಅಗ್ಗವಾದರೆ ಸಾಕು ಎಂಬ ಮಾತು ನನ್ನ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ. ತಯಾರು ಮಾಡುವವರ ಗತಿಯನ್ನೂ ನೋಡಬೇಕು, ಅಲ್ವಾ? 1996ರ ಒಪ್ಪಂದದಿಂದ ದೇಶದ ಐಟಿ ತಯಾರಿಕೆ ಬಹುತೇಕ ಅಳಿಸಿಹೋಯಿತು, ನಿಜವಾದ ಲಾಭ ಆಗಿದ್ದು ಚೀನಾಕ್ಕೆ ಎಂದು ವಾಣಿಜ್ಯ ಸಚಿವಾಲಯವೇ ಹೇಳಿದೆ. ಪೂರ್ತಿ ಲ್ಯಾಪ್‌ಟಾಪಿಗೆ ಸುಂಕ ಸೊನ್ನೆ ಇದ್ದು, ಅದನ್ನು ಇಲ್ಲೇ ಜೋಡಿಸಲು ಬೇಕಾದ ಕೆಲವು ಭಾಗಗಳಿಗೆ ಸುಂಕ ಇದ್ದರೆ ಯಾರು ತಾನೇ ಇಲ್ಲಿ ಕಾರ್ಖಾನೆ ಹಾಕುತ್ತಾರೆ? ಮೊಬೈಲ್ ಮೇಲಿನ ಸುಂಕ ಮತ್ತು 2020ರಲ್ಲಿ ಬಂದ ಉತ್ಪಾದನಾ ಪ್ರೋತ್ಸಾಹ ಯೋಜನೆಯ ನಂತರ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಣೆ ನಡೆಯುತ್ತಿದೆ. ನಮ್ಮ ಕಡೆಯ ಹೆಣ್ಣುಮಕ್ಕಳೂ ಅಂಥ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗಿದ್ದಾರೆ. ಕೊಳ್ಳುವಾಗ ನನಗೂ ಸುಂಕ ಭಾರವೇ. ಆದರೂ ಅದನ್ನು ಬರೀ ಸುಲಿಗೆ ಎಂದು ನಾನು ಕರೆಯಲಾರೆ.

2015ರ ವಿಸ್ತರಣೆ: ನಾವಿಲ್ಲದ ಪಂಕ್ತಿ

ಹಳೆಯ ಪಟ್ಟಿ ಸಾಲದು ಎಂದು 2012ರಲ್ಲಿ ಹೊಸ ಮಾತುಕತೆ ಶುರುವಾಯಿತು. 2015ರ ಡಿಸೆಂಬರ್‌ನಲ್ಲಿ ಕೀನ್ಯಾದ ನೈರೋಬಿಯಲ್ಲಿ 50ಕ್ಕೂ ಹೆಚ್ಚು ಸದಸ್ಯರು ಇನ್ನೂ 201 ಸಾಮಾನುಗಳ ಸುಂಕ ತೆಗೆಯಲು ಒಪ್ಪಿದರು. ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ದಾಟುವ ವ್ಯಾಪಾರ ಅದು. ಹೊಸ ಬಗೆಯ ಚಿಪ್‌ಗಳು, ಜಿಪಿಎಸ್, ವಿಡಿಯೋ ಗೇಮ್ ಯಂತ್ರ, ಎಂಆರ್‌ಐ, ಅಲ್ಟ್ರಾಸೌಂಡ್ ಸ್ಕ್ಯಾನರ್ ಎಲ್ಲ ಅದರಲ್ಲಿವೆ. ಚೀನಾ ಸೇರಿತು. ಭಾರತ ಸೇರಲಿಲ್ಲ.

ಹಾಗಾಗಿ ತರಿಸುವವರಿಗೆ ಈ ಒಪ್ಪಂದ ಒಂದು ದಾರಿಯೇ ಅಲ್ಲ. ಅಂತರ್ಜಾಲದಲ್ಲಿ ಹುಡುಕಿದಾಗ ಇಂಥ ಸಾಮಾನಿಗೆ ಸುಂಕ ಸೊನ್ನೆ ಎಂದು ಕಂಡರೆ, ಅದು ಯಾವ ಒಪ್ಪಂದದ ಪಟ್ಟಿ ಎಂದು ಮೊದಲು ನೋಡಿ. ದಾವಣಗೆರೆಯ ಆಸ್ಪತ್ರೆಗೆ ಸ್ಕ್ಯಾನರ್ ತರಿಸಲು ಹೊರಟವರು ಈ 201ರ ಪಟ್ಟಿ ನೋಡಿ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ.

ಕಳಿಸುವವರ ಮಾತು ಬೇರೆ. ಈ ಸುಂಕ ಕಡಿತ ವಿಶ್ವ ವ್ಯಾಪಾರ ಸಂಸ್ಥೆಯ ಎಲ್ಲ ಸದಸ್ಯರಿಗೂ ಸಿಗುತ್ತದೆ, ಸಹಿ ಹಾಕದವರಿಗೂ. ನೀವು ಇಲ್ಲಿ ಒಂದು ವೈದ್ಯಕೀಯ ಸಾಧನ ತಯಾರಿಸಿ ಯುರೋಪಿಗೆ ಕಳಿಸಿದರೆ, ಅದು ಆ ಪಟ್ಟಿಯಲ್ಲಿದ್ದರೆ, ಅಲ್ಲಿ ಈ ಒಪ್ಪಂದದ ಸೊನ್ನೆ ಸುಂಕವೇ ಸಿಗುತ್ತದೆ. ಪಂಕ್ತಿಯಲ್ಲಿ ಕೂರದೆಯೂ ಊಟ ಸಿಕ್ಕಂತೆ. ನಮ್ಮ ಕಡೆ ಇಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆ ಇಲ್ಲ. ಯುಬಿಡಿಟಿ 1951ರಿಂದ ಇದೆ, ಬಾಪೂಜಿ 1979ರಿಂದ. ಅಲ್ಲಿಂದ ಹೊರಬಂದು ಸಾಧನ ತಯಾರಿಸುವ ಯೋಚನೆ ಇರುವವರು ಆ 201ರ ಪಟ್ಟಿಯನ್ನು ಮಾರುಕಟ್ಟೆಯ ಪಟ್ಟಿಯಾಗಿ ಓದಬೇಕು.

ಮುಕ್ತ ವ್ಯಾಪಾರ ಒಪ್ಪಂದ: ಲಾಭ ಇದೆ, ಕಾಗದದ ಭಾರವೂ ಇದೆ

1996ರ ಪಟ್ಟಿಯಲ್ಲಿ ಇಲ್ಲದ ಸಾಮಾನಿಗೆ ಈ ದಾರಿ ಉಪಯೋಗಕ್ಕೆ ಬರುತ್ತದೆ. ಆಸಿಯಾನ್ ದೇಶಗಳ ಜೊತೆಗಿನ ಸರಕು ಒಪ್ಪಂದ 2010ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ವಿಯೆಟ್ನಾಂ, ಥಾಯ್ಲೆಂಡ್, ಮಲೇಷ್ಯಾ, ಸಿಂಗಪುರ ಇವೆ. ದಕ್ಷಿಣ ಕೊರಿಯಾದ್ದೂ ಅದೇ ತಿಂಗಳಿನದು. ಜಪಾನಿನದು 2011ರ ಆಗಸ್ಟ್, ಯುಎಇಯದು 2022ರ ಮೇ. ಚೀನಾ ಜೊತೆ ನಮಗೆ ಇಂಥ ಒಪ್ಪಂದ ಇಲ್ಲ. ಏಷ್ಯಾ ಪೆಸಿಫಿಕ್ ವ್ಯಾಪಾರ ಒಪ್ಪಂದದಲ್ಲಿ ಕೆಲವು ಸಾಮಾನಿಗೆ ಅಲ್ಪಸ್ವಲ್ಪ ರಿಯಾಯಿತಿ ಇದೆ, ಅಷ್ಟೇ. ಚೀನಾ ಸೇರಿದ್ದ ಆರ್‌ಸಿಇಪಿ ಎಂಬ ದೊಡ್ಡ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಭಾರತ 2019ರ ನವೆಂಬರ್‌ನಲ್ಲಿ ಹೊರಬಂತು.

ಇಲ್ಲಿ ಎರಡು ಪರೀಕ್ಷೆ ಇದೆ. ಆ ಸಾಮಾನಿನ ನಂಬರ್ ರಿಯಾಯಿತಿ ಪಟ್ಟಿಯಲ್ಲಿ ಇರಬೇಕು. ಎರಡೂ ಕಡೆಯವರು ಸುಂಕ ಇಳಿಸದೆ ಉಳಿಸಿಕೊಂಡ ಸಾಮಾನುಗಳು ಬೇಕಾದಷ್ಟಿವೆ. ಆಮೇಲೆ, ಸಾಮಾನು ನಿಜವಾಗಿಯೂ ಆ ದೇಶದ್ದೇ ಎಂದು ತೋರಿಸಬೇಕು. ಆಸಿಯಾನ್, ಜಪಾನ್, ಕೊರಿಯಾ ಒಪ್ಪಂದಗಳ ಸಾಮಾನ್ಯ ನಿಯಮದಲ್ಲಿ ಬೆಲೆಯ ಶೇ 35 ಆದರೂ ಅಲ್ಲಿಯದಾಗಿರಬೇಕು, ಜೊತೆಗೆ ಒಳಗೆ ಹೋದ ಹೊರದೇಶದ ಬಿಡಿಭಾಗದ ಆರಂಕಿ ನಂಬರ್ ಬದಲಾಗುವಷ್ಟು ಕೆಲಸ ಅಲ್ಲಿ ನಡೆದಿರಬೇಕು. ಚೀನಾದಿಂದ ಡಬ್ಬ ಬಂದು ವಿಯೆಟ್ನಾಂನಲ್ಲಿ ಸ್ಟಿಕ್ಕರ್ ಬದಲಾಗಿದ್ದರೆ ಅದು ವಿಯೆಟ್ನಾಂ ಸಾಮಾನಲ್ಲ. ದುಬೈ ಗೋದಾಮಿನಲ್ಲಿ ಮತ್ತೆ ಪ್ಯಾಕ್ ಮಾಡಿದ್ದು ಯುಎಇ ಸಾಮಾನಲ್ಲ.

2020ರ ಸೆಪ್ಟೆಂಬರ್ 21ರಿಂದ ನಿಯಮ ಇನ್ನೂ ಬಿಗಿಯಾಗಿದೆ. ಮೊದಲು ಆ ದೇಶದ ಕಚೇರಿ ಕೊಟ್ಟ ಮೂಲ ಪ್ರಮಾಣಪತ್ರ ತೋರಿಸಿದರೆ ಸಾಕಿತ್ತು. ಈಗ ಅದರ ಹಿಂದಿನ ಲೆಕ್ಕವೂ ತರಿಸಿಕೊಳ್ಳುವವನ ಹತ್ತಿರ ಇರಬೇಕು. ಎಲ್ಲಿ ತಯಾರಾಯಿತು, ಯಾವ ಭಾಗ ಎಲ್ಲಿಂದ ಬಂತು, ಬೆಲೆಯಲ್ಲಿ ಎಷ್ಟು ಪಾಲು ಎಲ್ಲಿಯದು, ಇದನ್ನೆಲ್ಲ ನಿಗದಿತ ನಮೂನೆಯಲ್ಲಿ ತುಂಬಿಟ್ಟುಕೊಂಡು ಐದು ವರ್ಷ ಜೋಪಾನ ಮಾಡಬೇಕು. ಅಧಿಕಾರಿ ಕೇಳಿದಾಗ ಕೊಡಲಾಗದಿದ್ದರೆ ರಿಯಾಯಿತಿ ಹೋಗುತ್ತದೆ, ಬಾಕಿ ಸುಂಕ ಬಡ್ಡಿ ಸಮೇತ ಬರುತ್ತದೆ. ಕಾರ್ಖಾನೆಯ ಜೊತೆ ನೇರ ಸಂಪರ್ಕ ಇಲ್ಲದೆ ಮಧ್ಯದ ವ್ಯಾಪಾರಿಯಿಂದ ತರಿಸುವವರಿಗೆ ಈ ಲೆಕ್ಕ ಸಿಗುವುದು ಬಹಳ ಕಷ್ಟ. ಯಾವ ವ್ಯಾಪಾರಿ ತಾನೇ ತನ್ನ ಕಾರ್ಖಾನೆಯ ವೆಚ್ಚದ ಗುಟ್ಟು ನಿಮಗೆ ಬಿಟ್ಟುಕೊಡುತ್ತಾನೆ?

ಇನ್ನೊಂದು ತಪ್ಪನ್ನು ಬಹಳ ಜನ ಮಾಡುತ್ತಾರೆ. 1996ರ ಪಟ್ಟಿಯಿಂದ ಈಗಾಗಲೇ ಸೊನ್ನೆ ಸುಂಕ ಇರುವ ಹಾರ್ಡ್‌ಡಿಸ್ಕಿಗೆ ಥಾಯ್ಲೆಂಡಿನ ಪ್ರಮಾಣಪತ್ರ ಹುಡುಕುತ್ತಾ ಕೂರುತ್ತಾರೆ. ಸೊನ್ನೆಗಿಂತ ಕಡಿಮೆ ಸುಂಕ ಇಲ್ಲ. ಸುಮ್ನೆ ಶ್ರಮ.

ಸುಂಕ ಸೊನ್ನೆ, ಆದರೆ ಬಾಗಿಲು ಅರ್ಧ ಮುಚ್ಚಿದೆ

ಲ್ಯಾಪ್‌ಟಾಪ್ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಸುಂಕದ ದೃಷ್ಟಿಯಿಂದ ಅದು ಸೊನ್ನೆ. ಆದರೆ 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಆಲ್ ಇನ್ ಒನ್, ಪುಟ್ಟ ಗಾತ್ರದ ಕಂಪ್ಯೂಟರ್ ಮತ್ತು ಸರ್ವರ್ ಆಮದಿಗೆ ಪರವಾನಗಿ ಬೇಕು ಎಂದು ವಿದೇಶ ವ್ಯಾಪಾರ ನಿರ್ದೇಶನಾಲಯ ಆದೇಶ ಹೊರಡಿಸಿತು. ಗಲಾಟೆ ಆಯಿತು, ಮುಂದಕ್ಕೆ ಹಾಕಿದರು. ನವೆಂಬರ್ 1ರಿಂದ ಆನ್‌ಲೈನ್‌ನಲ್ಲಿ ಅನುಮತಿ ಪಡೆದು ತರುವ ವ್ಯವಸ್ಥೆ ಬಂತು. ಒಪ್ಪಂದ ಸುಂಕವನ್ನು ಕಟ್ಟಿಹಾಕುತ್ತದೆ, ಅನುಮತಿ ಪತ್ರವನ್ನು ನೀವೇ ಪಡೆಯಬೇಕು. ಸ್ವಂತಕ್ಕೆ ಕೊರಿಯರ್‌ನಲ್ಲಿ ಒಂದೇ ಒಂದು ತರಿಸಿದರೆ ಆ ಪರವಾನಗಿ ಬೇಡ. ವಿದೇಶದಿಂದ ಬರುವ 18 ವರ್ಷ ದಾಟಿದ ಪ್ರಯಾಣಿಕ ತನ್ನ ಜೊತೆ ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ತರಬಹುದು. ದುಬೈನಲ್ಲಿರುವ ಅಳಿಯ ಒಂದು ತಂದುಕೊಟ್ಟ ಎಂದು ಹತ್ತು ತರಿಸಬಹುದು ಎಂದುಕೊಳ್ಳಬೇಡಿ.

ಅನುಮತಿ ಒಂದೇ ಅಲ್ಲ. ಲ್ಯಾಪ್‌ಟಾಪ್, ಅಡಾಪ್ಟರ್, ಪ್ರಿಂಟರ್, ಮಾನಿಟರ್, ಕೀಬೋರ್ಡ್ ಇವಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ, ಅದು ತಯಾರಿಸಿದ ಕಾರ್ಖಾನೆಯ ಹೆಸರಲ್ಲಿ ಇರಬೇಕು. ವೈಫೈ, ಬ್ಲೂಟೂತ್ ಇದ್ದರೆ ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೋ ತರಂಗ ನೋಡಿಕೊಳ್ಳುವ ವಿಭಾಗದ (ಡಬ್ಲ್ಯುಪಿಸಿ) ಒಪ್ಪಿಗೆ. 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮದಲ್ಲಿ ತರಿಸಿ ಮಾರುವವನೂ ಉತ್ಪಾದಕನ ಲೆಕ್ಕಕ್ಕೆ ಬರುತ್ತಾನೆ, ನೋಂದಣಿ ಮಾಡಿಸಬೇಕು. ಇವು ಯಾವುವೂ ಸುಂಕದ ಪಟ್ಟಿಯಲ್ಲಿ ಕಾಣುವುದಿಲ್ಲ. ಆದರೆ ಕಂಟೇನರ್ ಚೆನ್ನೈನಲ್ಲಿ ನಿಲ್ಲುವುದು ಬಹುಪಾಲು ಇವುಗಳಿಂದಲೇ. ಅಲ್ಲಿ ನಿಂತ ಪ್ರತಿ ದಿನಕ್ಕೂ ಬಾಡಿಗೆ ಓಡುತ್ತದೆ.

ಯಾರಿಗೆ ಯಾವುದು

ನನ್ನ ಹಾಗೆ ಸಣ್ಣ ಅಂಗಡಿ ಇದ್ದು ತಿಂಗಳಿಗೆ ಹತ್ತಿಪ್ಪತ್ತು ಹಾರ್ಡ್‌ಡಿಸ್ಕ್, ನಾಲ್ಕೈದು ಲ್ಯಾಪ್‌ಟಾಪ್ ಮಾರುವವರಾದರೆ ಎಸ್‌.ಪಿ. ರಸ್ತೆಯೇ ಸರಿ. ಸೊನ್ನೆ ಸುಂಕದ ಲಾಭ ದೊಡ್ಡ ಆಮದುದಾರನಿಗೂ ಸಿಗುತ್ತದೆ, ಅವನ ಬೆಲೆಯಲ್ಲಿ ಅದು ಈಗಾಗಲೇ ಇದೆ. ನೀವು ನೇರ ತಂದರೆ ಸುಂಕದಲ್ಲಿ ಅವನಿಗಿಂತ ಒಂದು ರೂಪಾಯಿಯೂ ಉಳಿಯುವುದಿಲ್ಲ. ಉಳಿಯಬಹುದಾದದ್ದು ಅವನ ಕಮಿಷನ್ ಮಾತ್ರ. ಅದನ್ನು ಕ್ಲಿಯರಿಂಗ್ ಏಜೆಂಟ್, ಸಾಗಣೆ, ಕೆಟ್ಟರೆ ವಾಪಸ್ ಕಳಿಸುವ ಖರ್ಚು ತಿಂದುಹಾಕುತ್ತವೆ. ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿಸಿದರೆ ಬೆಳಿಗ್ಗೆ ದಾವಣಗೆರೆ ಸ್ಟ್ಯಾಂಡಿನಲ್ಲಿ ಸಾಮಾನು ಸಿಗುತ್ತದೆ. ವಾರಂಟಿ ಬೆಂಗಳೂರಿನಲ್ಲೇ ಮುಗಿಯುತ್ತದೆ.

ಶಾಲೆ, ಕಾಲೇಜಿನವರು ನೇರ ಆಮದಿಗೆ ಕೈ ಹಾಕದಿರುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಶಿಕ್ಷಣ ಸೇವೆಗೆ ಜಿಎಸ್‌ಟಿ ಇಲ್ಲದ ಕಾರಣ ಕಟ್ಟಿದ ಶೇ 18 ಅವರಿಗೆ ಕ್ರೆಡಿಟ್ ಆಗಿ ವಾಪಸ್ ಬರುವುದಿಲ್ಲ, ಯಾವ ದಾರಿಯಲ್ಲಿ ತಂದರೂ ಅಷ್ಟೇ. ಅವರು ಮಾಡಬೇಕಾದದ್ದು ಬೇರೆ. ಕೊಟೇಶನ್ ತರಿಸುವಾಗ ಎಂಟಂಕಿ ಎಚ್‌ಎಸ್‌ಎನ್ ನಂಬರ್ ಬರೆದುಕೊಡಿ ಎಂದು ಕೇಳಿ. ಸುಂಕ ಬದಲಾದರೆ ವ್ಯತ್ಯಾಸ ಯಾರು ಹೊರಬೇಕು ಎಂದು ಕೊಟೇಶನ್‌ನಲ್ಲೇ ಬರೆಸಿ. ಫೆಬ್ರವರಿ 1ರ ಆಸುಪಾಸಿನಲ್ಲಿ ಆರ್ಡರ್ ಕೊಡುವವರು ಬಜೆಟ್ ಮುಗಿಯುವವರೆಗೆ ಕಾಯಿರಿ. ಸ್ಮಾರ್ಟ್ ಬೋರ್ಡ್ ಬದಲು ಪ್ರೊಜೆಕ್ಟರ್ ಸಾಕಾಗುತ್ತದೆಯೇ ಎಂದೂ ಯೋಚಿಸಿ. ನಮ್ಮ ಕಡೆಯ ಹಳ್ಳಿ ಶಾಲೆಗಳಲ್ಲಿ ಕರೆಂಟ್ ಇರುವ ಹೊತ್ತಿಗೆ ಪಾಠ ನಡೆಯುವುದೇ ದೊಡ್ಡದು.

ಸಿಸಿಟಿವಿ ಹಾಕುವವರು ಹೊರಗಿನ ಅಗ್ಗದ ಕ್ಯಾಮೆರಾ ಯೋಚನೆ ಬಿಡಿ. 2025ರ ಏಪ್ರಿಲ್‌ನಿಂದ ಅದಕ್ಕೆ ಭದ್ರತಾ ಪರೀಕ್ಷೆಯೂ ಸೇರಿದೆ.

ನೇರ ಆಮದು ನಿಜವಾಗಿ ಲಾಭ ಕೊಡುವುದು ತಯಾರಿಸುವವರಿಗೆ. ಚಿತ್ರದುರ್ಗದ ಆ ಹುಡುಗನ ಸ್ಟಾರ್ಟರನ್ನು ನಾವು ಮೇಜಿನ ಮೇಲೆ ಬಿಚ್ಚಿ ಒಂದೊಂದೇ ಭಾಗಕ್ಕೆ ನಂಬರ್ ಬರೆದೆವು. ಮೈಕ್ರೋಕಂಟ್ರೋಲರ್ 8542. ಕೆಪಾಸಿಟರ್ 8532. ರೆಸಿಸ್ಟರ್ 8533. ಖಾಲಿ ಪಿಸಿಬಿ 8534. ಈ ನಾಲ್ಕೂ 1996ರ ಪಟ್ಟಿಯವು, ಯಾವ ದೇಶದಿಂದ ತಂದರೂ ಸರಿ, ಚಿಲ್ಲರೆಯಲ್ಲಿ ಕೊಳ್ಳುವುದಕ್ಕಿಂತ ಸಾವಿರದ ಲೆಕ್ಕದಲ್ಲಿ ತರಿಸಿದರೆ ಬೆಲೆಯೂ ಇಳಿಯುತ್ತದೆ. ಜಿಎಸ್‌ಎಂ ಮಾಡ್ಯೂಲ್, ಅಂದರೆ ಮೊಬೈಲ್ ಸಿಗ್ನಲ್ ಹಿಡಿಯುವ ಭಾಗ, 8517ರ ಕುಟುಂಬದ್ದು. ಮೇಲೆ ಹೇಳಿದ ಮೊಬೈಲ್ ಸುಂಕದ ಜಗಳ ಆ ಕುಟುಂಬದ್ದೇ. ಅದನ್ನು ಅಂದಾಜಿನ ಮೇಲೆ ತರಿಸಬಾರದು ಎಂದೆ. ಕಸ್ಟಮ್ಸ್‌ನ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಿದರೆ ಆ ಭಾಗದ ನಂಬರ್ ಯಾವುದು ಎಂದು ಮೊದಲೇ ಬರಹದಲ್ಲಿ ಹೇಳುತ್ತಾರೆ, ಅದು ಅರ್ಜಿ ಹಾಕಿದವರಿಗೂ ಕಸ್ಟಮ್ಸ್‌ನವರಿಗೂ ಕಟ್ಟುಪಾಡು. ದೊಡ್ಡ ಆರ್ಡರ್ ಇದ್ದರೆ ಆ ಖರ್ಚು ಸಾರ್ಥಕ. ಮೋಟಾರಿನ ಕರೆಂಟನ್ನು ಆನ್, ಆಫ್ ಮಾಡುವ ರಿಲೇ ಮತ್ತು ಕಾಂಟ್ಯಾಕ್ಟರ್ 8536. ಅವು 1996ರ ಪಟ್ಟಿಯಲ್ಲಿಲ್ಲ, ಸುಂಕ ಬೀಳುತ್ತದೆ. ಕಾಂಟ್ಯಾಕ್ಟರ್ ಹೇಗೂ ನಮ್ಮ ದೇಶದಲ್ಲೇ ಚೆನ್ನಾಗಿ ತಯಾರಾಗುತ್ತದೆ, ಕೆಟ್ಟರೆ ಚಳ್ಳಕೆರೆಯ ಅಂಗಡಿಯಲ್ಲೂ ಸಿಗುತ್ತದೆ. ಪ್ಲಾಸ್ಟಿಕ್ ಡಬ್ಬ ಇಲ್ಲೇ ಮಾಡಿಸಬಹುದು.

ಹೀಗೆ ಒಂದೇ ಸ್ಟಾರ್ಟರ್‌ಗೆ ಮೂರು ದಾರಿ ಆಯಿತು. ಚಿಪ್, ಪಿಸಿಬಿ ನೇರ ಆಮದು. ಮಾಡ್ಯೂಲ್ ಸದ್ಯಕ್ಕೆ ಬೆಂಗಳೂರಿನ ವಿತರಕರಿಂದ, ಬಿಲ್ ಮತ್ತು ಒಪ್ಪಿಗೆ ಪತ್ರಗಳ ನಕಲು ಸಮೇತ. ಉಳಿದದ್ದು ಸ್ಥಳೀಯ. ಆಮದು ರಫ್ತು ಕೋಡ್‌ಗೆ ಅವನು ಅಲ್ಲೇ ಕೂತು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ, ಶುಲ್ಕ 500 ರೂಪಾಯಿ. ಮೊದಲ ಕಂತು ಸಣ್ಣದಾಗಿ, ವಿಮಾನದಲ್ಲಿ ದೇವನಹಳ್ಳಿಗೆ ತರಿಸು ಎಂದೆ. ಏಜೆಂಟ್ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದಿನ ಘೋಷಣೆ) ತುಂಬುವ ಮೊದಲು ಪ್ರತಿ ಸಾಲಿನ ನಂಬರನ್ನು ನಮ್ಮ ಹಾಳೆಯ ಜೊತೆ ತಾಳೆ ನೋಡು ಎಂದೂ ಹೇಳಿದೆ. ಅವನು ಆ ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡು ಸಂಜೆಯ ಬಸ್ಸಿಗೆ ಹೊರಟ.